ಹಗಲು ಪ್ರೊವ್ಯಾಂ, ಸಂಜೆ ವೋ ಲ ವಿಕೋಂಟ್: ಸುಡು ಬಿಸಿಲಲ್ಲಿ ಒಂದು ದಿನದ ಸುತ್ತಾಟ

ಬೇಸಿಗೆಯಲ್ಲಿ ಊರಿಂದ ಬಂದವರಿಗೆ ಪ್ಯಾರಿಸ್ ಸುತ್ತಮುತ್ತ ತೋರಿಸುವ ಕೆಲಸ ನನ್ನ ಪಾಲಿಗೆ ಬಂದು ಬಹಳ ವರ್ಷವಾಯಿತು. ವೋ ಲ ವಿಕೋಂಟ್ ಅರಮನೆಯ ಫ್ರೆಂಚ್ ತೋಟ, ಪ್ರೊವ್ಯಾಂ ಅನ್ನುವ ಹಳೇ ಪೇಟೆ, ಎರಡೂ ಒಂದೇ ದಿನ, ಅದೂ ಕಾರಿಲ್ಲದೆ ಅಂದಾಗ ಇಲ್ಲಿನ ಗೆಳೆಯರು ಯಾರೂ ಒಪ್ಪಲಿಲ್ಲ. "37 ಡಿಗ್ರಿ ಬಿಸಿಲು. ವಯಸ್ಸಾದವರನ್ನ ಕರ್ಕೊಂಡು ಹೋಗ್ತೀರಿ. ರಾತ್ರಿ ರೈಲು ತಪ್ಪಿದ್ರೆ ಏನ್ಮಾಡ್ತೀರಿ?" ಅಂದರು. ಹೋದ ಬೇಸಿಗೆಯಲ್ಲಿ ಅಪ್ಪ, ಅಮ್ಮ, ಅತ್ತೆ ಮೂವರನ್ನೂ ಕರೆದುಕೊಂಡು ಹೋಗಿ ಬಂದೆ. ಯಾರಿಗೂ ಸುಸ್ತಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಮಾಡುವುದು ಬೆಳಿಗ್ಗೆ ತೋಟ, ಊಟದ ಮೇಲೆ ಊರು. ನಾವೂ ಮೊದಲು ಹಾಗೇ ಮಾಡುತ್ತಿದ್ದೆವು. ತೋಟ ತಲುಪುವಷ್ಟರಲ್ಲಿ ಹನ್ನೊಂದು ಗಂಟೆ. ಲಾಲ್‌ಬಾಗ್ ತರಹ ಮರದ ಕೆಳಗೆ ನಡೆಯುವ ತೋಟ ಅಲ್ಲ ಇದು. ನಡುವೆ ಮರವೇ ಇಲ್ಲ, ಬರೀ ಜಲ್ಲಿ ಹಾದಿ, ಕತ್ತರಿಸಿದ ಹುಲ್ಲು, ನೀರಿನ ಕೊಳ. ಜಲ್ಲಿಯ ಬಿಸಿ ಕೆಳಗಿಂದಲೂ ಹೊಡೆಯುತ್ತದೆ. ವೋ ಲ ವಿಕೋಂಟ್‌ನಲ್ಲಿ ಇನ್ನೊಂದು ಮೋಸ ಇದೆ. ಅರಮನೆ ಮೆಟ್ಟಿಲಿಂದ ನೋಡಿದರೆ ತುದಿಯಲ್ಲಿರುವ ಚಿನ್ನದ ಬಣ್ಣದ ಹರ್ಕ್ಯುಲಿಸ್ ಪ್ರತಿಮೆ ಇಲ್ಲೇ ಇದೆ ಅನಿಸುತ್ತದೆ. ಈ ತೋಟ ರೂಪಿಸಿದ ಲ ನೋತ್ರ ದೂರದ ಕೊಳಗಳನ್ನು ಬೇಕಂತಲೇ ದೊಡ್ಡದು ಮಾಡಿ ಕಣ್ಣಿಗೆ ದೂರವೇ ಕಾಣದ ಹಾಗೆ ಮಾಡಿದ್ದಾನೆ. ನಡೆಯುತ್ತಾ ಹೋದರೆ ಅಲ್ಲಿವರೆಗೆ ಕಾಣದಿದ್ದ ದೊಡ್ಡ ಕಾಲುವೆ ಎದುರಿಗೆ ಬರುತ್ತದೆ. ಅದನ್ನು ಸುತ್ತಿಕೊಂಡೇ ಹೋಗಬೇಕು. ನೆಂಟರು ಅರ್ಧ ದಾರಿಯಲ್ಲೇ ಕೂತುಬಿಡುತ್ತಿದ್ದರು.

ಕಾರೂ ಫಲ ಕೊಡಲಿಲ್ಲ. ಬಾಡಿಗೆ, ವಿಮೆ, ಪೆಟ್ರೋಲು ಸೇರಿ ದಿನಕ್ಕೆ 150 ಯೂರೋ ಹತ್ತಿರ. ಒಮ್ಮೆ ಬಾಗಿಲ ಮೇಲೆ ಮೊದಲೇ ಇದ್ದ ಗೀರಿಗೆ ಬಾಡಿಗೆ ಕಂಪನಿಯವರು 80 ಯೂರೋ ಹಿಡಿದುಕೊಂಡರು.

ದಾರಿ ತೋರಿಸಿದ್ದು ರೈಲಿನ ನಕ್ಷೆ. ಪ್ಯಾರಿಸ್‌ನ ಗಾರ್ ದ ಲೆಸ್ಟ್ ನಿಲ್ದಾಣದಿಂದ ಪ್ರೊವ್ಯಾಂಗೆ ಹೋಗುವ 'ಪಿ' ಲೈನು ವೆರ್ನೊಯ್ ಲೆತಾಂ ಅನ್ನುವ ನಿಲ್ದಾಣದ ಮೇಲೆಯೇ ಹೋಗುತ್ತದೆ. ವೋ ಲ ವಿಕೋಂಟ್‌ಗೆ ಬಸ್ಸು ಹೊರಡುವುದು ಅದೇ ವೆರ್ನೊಯ್‌ನಿಂದ. ಅಂದರೆ ಊರೂ ತೋಟವೂ ಒಂದೇ ಲೈನಿನಲ್ಲಿ! 2025ರ ಜನವರಿಯಿಂದ ಪ್ಯಾರಿಸ್ ಪ್ರಾಂತ್ಯದಲ್ಲಿ ವಿಮಾನ ನಿಲ್ದಾಣ ಬಿಟ್ಟರೆ ರೈಲಿಗೆ ಎಲ್ಲಿಂದ ಎಲ್ಲಿಗಾದರೂ ಒಂದೇ ದರ, 2025ರಲ್ಲಿ ಅದು 2.50 ಯೂರೋ ಇತ್ತು. ಪ್ರೊವ್ಯಾಂಗೆ, ಅಲ್ಲಿಂದ ವೆರ್ನೊಯ್‌ಗೆ, ವಾಪಸ್ ಪ್ಯಾರಿಸ್‌ಗೆ, ಮೂರು ಟಿಕೆಟ್ ಸಾಕು, ಆಗ 7.50 ಆಗುತ್ತಿತ್ತು. ಸುಮ್ನೆ ದಿನದ ಪಾಸ್ ತಗೋಬೇಡಿ, ಅದು ಆಗಲೇ 12 ಯೂರೋ ಇತ್ತು.

ಆಮೇಲೆ ಸಮಯವನ್ನು ತಿರುಗಿಸಿದೆ. ಮೊದಲು ಊರು, ನಡು ಮಧ್ಯಾಹ್ನ ನೆಲದ ಕೆಳಗೆ, ತೋಟ ಸಂಜೆಗೆ.

ಹತ್ತಕ್ಕೆ ಪ್ರೊವ್ಯಾಂ. 12-13ನೇ ಶತಮಾನದಲ್ಲಿ ಶಾಂಪೇನ್ ಸೀಮೆಯ ವ್ಯಾಪಾರ ಸಂತೆಗಳು ಸೇರುತ್ತಿದ್ದ ಊರು ಇದು. ಯುನೆಸ್ಕೋ ಪಟ್ಟಿಗೆ ಸೇರಿದ್ದು 2001ರಲ್ಲಿ. ಬಿಸಿಲು ಏರುವ ಮೊದಲೇ ಮೇಲಿನ ಪೇಟೆಗೆ ಹತ್ತಿ ಸೀಸರ್ ಗೋಪುರ, ಕೋಟೆ ಗೋಡೆ ಮುಗಿಸಬೇಕು. ಗೋಡೆಯ ನೆರಳಲ್ಲಿ ಚಿತ್ರಾನ್ನ. ಬಿಸಿಲು ಜಾಸ್ತಿಯಾಗುವ ಹೊತ್ತಿಗೆ ಹಳೇ ಆಸ್ಪತ್ರೆಯ ಕೆಳಗಿನ ಸುರಂಗಕ್ಕೆ ಇಳಿದೆವು. ಉಣ್ಣೆ ಬಟ್ಟೆಯ ಜಿಡ್ಡು ತೆಗೆಯುವ ಮೆತ್ತನೆ ಕಲ್ಲಿಗಾಗಿ ಅಗೆದ ಜಾಗ ಅನ್ನುತ್ತಾರೆ. ಒಳಗೆ 12 ಡಿಗ್ರಿ ಆಸುಪಾಸು. ಅತ್ತೆಗೆ ಶಾಲು ಹೊದಿಸಬೇಕಾಯಿತು. ಗೈಡ್ ಜೊತೆಗೇ ಹೋಗಬೇಕು, ಮುಕ್ಕಾಲು ಗಂಟೆ, ಟಿಕೆಟ್ ಐದಾರು ಯೂರೋ.

ಈ ಊರಿಗೆ ಗುಲಾಬಿಯ ಹೆಸರೂ ಇದೆ. ಪಕಳೆಯ ಜಾಮ್ ತಿಂದು ಅಮ್ಮ "ಇದು ನಮ್ಮ ಗುಲ್ಕಂದೇ ಅಲ್ವಾ" ಅಂದರು. ಇನ್ನೂ ತೆಳು, ಪರಿಮಳ ಜಾಸ್ತಿ. ಅದನ್ನು ಮಜ್ಜಿಗೆಗೆ ಹಾಕಿ ನೋಡಿದೆ, ಹೊಂದಲಿಲ್ಲ. ಮಜ್ಜಿಗೆಯದೇ ಬೇರೆ ಕತೆ. ಮನೆಯ ಮೊಸರು ಕಡೆದು ಒಯ್ದರೆ ಮಧ್ಯಾಹ್ನಕ್ಕೆ ಹುಳಿ ಬರುತ್ತಿತ್ತು. ಈಗ ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಬ್ರಿಟನಿ ಕಡೆಯ ಮಜ್ಜಿಗೆ 'ಲೆ ರಿಬೊ' ತಂದು ಅರ್ಧಕ್ಕರ್ಧ ನೀರು, ಉಪ್ಪು, ಶುಂಠಿ ಹಾಕುತ್ತೇನೆ. ಬಾಟಲಿಯ ಮೂರನೇ ಒಂದು ಭಾಗ ಮಾತ್ರ ರಾತ್ರಿ ಫ್ರೀಜರ್‌ಗೆ, ಉಳಿದದ್ದು ಬೆಳಿಗ್ಗೆ ಮೇಲೆ ತುಂಬುವುದು. ಪೂರ್ತಿ ಗಟ್ಟಿ ಮಾಡಿದರೆ ಕರಗುವಾಗ ಒಡೆಯುತ್ತದೆ. ಇದಕ್ಕೆ ಇನ್ನೊಂದು ವಸ್ತುವೂ ಬೀಳುತ್ತದೆ, ಅದು ನನ್ನಲ್ಲೇ ಇರಲಿ.

ಮೂರರ ಹೊತ್ತಿಗೆ ರೈಲು. ಎಸಿ ಇದೆ, ಎಲ್ಲರೂ ನಿದ್ದೆ ಹೊಡೆದರು. ವೆರ್ನೊಯ್‌ನಿಂದ ಬಸ್ಸಿಗೆ ಹೋಗಿಬರಲು ಸುಮಾರು ಹತ್ತು ಯೂರೋ. ಶನಿವಾರವೇ ಹೋಗಿ. ಬೇಸಿಗೆಯ ಶನಿವಾರ ಅರಮನೆಯಲ್ಲಿ, ತೋಟದಲ್ಲಿ ಎರಡು ಸಾವಿರ ಮೇಣದಬತ್ತಿ ಹಚ್ಚುತ್ತಾರೆ, ತಡರಾತ್ರಿವರೆಗೂ ತೆರೆದಿರುತ್ತದೆ. ಪ್ರವೇಶ ಇಪ್ಪತ್ತು ಯೂರೋ ದಾಟುತ್ತದೆ, ಕೊಡಬಹುದು. ಬಿಸಿಲಿರುವವರೆಗೆ ಅರಮನೆಯ ಒಳಗಿರಿ. ಏಳರ ಮೇಲೆ ತೋಟಕ್ಕೆ ಇಳಿಯಿರಿ. ಮಧ್ಯಾಹ್ನ ಚಪ್ಪಟೆಯಾಗಿ ಕಾಣುವ ತೋಟಕ್ಕೆ ಆಗ ಉದ್ದ ನೆರಳು ಬಿದ್ದು ಗೆರೆ ಗೆರೆಯೂ ಎದ್ದು ಕಾಣುತ್ತದೆ. ದೂರದ ಚೌಕ ಕೊಳದಲ್ಲಿ ಇಡೀ ಅರಮನೆಯ ಪ್ರತಿಬಿಂಬ! ಈ ತೋಟ ಸಂಜೆಗೇ ಹೇಳಿ ಮಾಡಿಸಿದ್ದು ಅಂತ ನನ್ನ ನಂಬಿಕೆ. ಈ ಅರಮನೆ ಕಟ್ಟಿಸಿದ ಹಣಕಾಸು ಮಂತ್ರಿ ಫುಕೆ 1661ರ ಆಗಸ್ಟ್ 17ರಂದು ದೊರೆ ಹದಿನಾಲ್ಕನೇ ಲೂಯಿಗೆ ಔತಣ ಕೊಟ್ಟದ್ದೂ ಸಂಜೆಯೇ. ಮೂರು ವಾರ ಕಳೆಯುವಷ್ಟರಲ್ಲಿ ಫುಕೆಯ ಬಂಧನವಾಯಿತು. ಆಮೇಲೆ ಲ ನೋತ್ರ ದೊರೆಯ ವರ್ಸೈಲ್ಸ್ ಕೆಲಸಕ್ಕೆ ಹೋದ.

ಅಮ್ಮ, ಅತ್ತೆಗೆ ಬ್ಯಾಟರಿ ಗಾಡಿ ಬಾಡಿಗೆಗೆ ತಗೊಂಡೆ, ಮುಕ್ಕಾಲು ಗಂಟೆಗೆ ಇಪ್ಪತ್ತರ ಆಸುಪಾಸು. ಅಪ್ಪ ನಡೆದೇ ಹರ್ಕ್ಯುಲಿಸ್ ಮುಟ್ಟಿದರು. ಜುಲೈನಲ್ಲಿ ಕತ್ತಲಾಗುವುದು ಹತ್ತರ ಮೇಲೆ, ದೀಪ ನೋಡಬೇಕಾದ್ದು ಆಗಲೇ. ಜನ ಎಲ್ಲ ಮೆಟ್ಟಿಲ ಮೇಲೆ ಗುಂಪುಗೂಡುತ್ತಾರೆ. ನಾವು ಕೂತ ಜಾಗದಲ್ಲಿ ಒಬ್ಬರೂ ಇರಲಿಲ್ಲ. ಆ ಜಾಗ ಮಾತ್ರ ಹೇಳುವುದಿಲ್ಲ.

ತಲೆಗೆ 45 ಯೂರೋ ಒಳಗೇ ಮುಗಿಯಿತು, ಗಾಡಿ ಬಿಟ್ಟು. ವಾಪಸ್ ಬಸ್ಸು, ಕೊನೆಯ ರೈಲಿನ ಸಮಯ ಎರಡನ್ನೂ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ, ಬೇಸಿಗೆಯಲ್ಲಿ ಹಳಿ ರಿಪೇರಿ ಇರುತ್ತದೆ. ಮುಂದೆ ಇದೇ ರೀತಿ ಶಾಂತಿಯಿ ತೋಟ ಮತ್ತು ಸಾಂಲಿಸ್ ಪೇಟೆ ಮಾಡುವ ಯೋಚನೆ ಇದೆ. ಅವು ಪ್ಯಾರಿಸ್ ಪ್ರಾಂತ್ಯದ ಹೊರಗೆ, ಈ ಒಂದೇ ದರದ ಟಿಕೆಟ್ ನಡೆಯುವುದಿಲ್ಲ. ಮಧ್ಯಾಹ್ನಕ್ಕೆ ಸಾಂಲಿಸ್ ಕೆಥೆಡ್ರಲ್ ಒಳಗಿನ ತಂಪು ಸಾಕಾಗುತ್ತದಾ ಅಂತ ನೋಡಬೇಕು.