ಅರೇಬಿಕಾಕ್ಕೆ ಬೀಜ, ರೊಬಸ್ಟಾಕ್ಕೆ ಕಡ್ಡಿ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಅರೇಬಿಕಾ ಗಿಡವನ್ನು ಬೀಜದಿಂದ ಎಬ್ಬಿಸುತ್ತೇವೆ, ರೊಬಸ್ಟಾ ಗಿಡವನ್ನು ಆದಷ್ಟೂ ಕಡ್ಡಿಯಿಂದ ಮಾಡಿಕೊಳ್ಳುತ್ತೇವೆ. ನರ್ಸರಿ ನೋಡಲು ಬಂದವರು ಎರಡೂ ಕಾಫಿಯೇ ಆದ ಮೇಲೆ ಎರಡಕ್ಕೂ ಬೇರೆ ಬೇರೆ ಕಾನೂನು ಏಕೆ ಎಂದು ಕೇಳುತ್ತಾರೆ. ಉತ್ತರ ಹೂವಿನೊಳಗಿದೆ.

ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದಲ್ಲ, ಆಗ ಅರೇಬಿಕಾ ಹೂವು ಹೆಚ್ಚುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟಿಕೊಳ್ಳುತ್ತದೆ. ನೂರು ಬೀಜದಲ್ಲಿ ತೊಂಬತ್ತರಷ್ಟು ತಾಯಿಗಿಡದ ಸ್ವಂತ ಮಕ್ಕಳೇ. ರೊಬಸ್ಟಾ ಹಾಗಲ್ಲ. ಅದರ ಹೂವು ತನ್ನ ಪರಾಗವನ್ನು ತಾನೇ ಒಲ್ಲೆ ಎನ್ನುತ್ತದೆ; ಗಾಳಿಯೋ ಜೇನೋ ಬೇರೆ ಗಿಡದ ಪರಾಗವನ್ನು ತರಲೇಬೇಕು. ಆದ್ದರಿಂದ ರೊಬಸ್ಟಾದ ಪ್ರತಿ ಬೀಜವೂ ಒಂದೊಂದು ಹೊಸ ಸಂಕರ. ತಾಯಿ ಯಾರೆಂದು ನಮಗೆ ಗೊತ್ತು, ತಂದೆ ಯಾವ ಸಾಲಿನವನೋ ಗೊತ್ತಿಲ್ಲ. ಒಂದು ಗಿಡ ಮೈತುಂಬ ಕಾಯಿ ಬಿಟ್ಟಿದೆಯೆಂದು ಅದರ ಬೀಜ ಹಾಕಿದರೆ ಮಕ್ಕಳಲ್ಲಿ ಕೆಲವು ತಾಯಿಯಂತೆ, ಕೆಲವು ಸಾಧಾರಣ, ಕೆಲವು ಬರೀ ಸೊಪ್ಪು.

ಅರೇಬಿಕಾ ಸ್ವತಃ ಒಂದು ಬೆರಕೆ ಎಂಬುದನ್ನು ನಮ್ಮಲ್ಲಿ ಬಹಳ ಜನ ನಂಬುವುದಿಲ್ಲ. ರೊಬಸ್ಟಾ ಮತ್ತು ಯೂಜೆನಿಯಾಯ್ಡಿಸ್ ಎಂಬ ಆಫ್ರಿಕಾದ ಇನ್ನೊಂದು ಕಾಫಿ ಕಾಡಿನಲ್ಲಿ ತಾವಾಗಿಯೇ ಕೂಡಿ, ಎರಡರ ವರ್ಣತಂತುಗಳೂ ಪೂರ್ತಿಯಾಗಿ ಉಳಿದು ಹುಟ್ಟಿದ್ದು ಅದು. ಹಾಗಾಗಿ ರೊಬಸ್ಟಾದ ಜೀವಕೋಶದಲ್ಲಿ 22 ವರ್ಣತಂತುಗಳಿದ್ದರೆ ಅರೇಬಿಕಾದಲ್ಲಿ 44. ಈ ಲೆಕ್ಕ ಪುಸ್ತಕಕ್ಕೆ ಮಾತ್ರ ಎಂದುಕೊಳ್ಳಬೇಡಿ. ತೋಟದ ಅರೇಬಿಕಾ ಪಟ್ಟಿಯೂ ರೊಬಸ್ಟಾ ಪಟ್ಟಿಯೂ, ಅಂದರೆ ಎರಡರ ತಾಕುಗಳು, ತಾಗುವ ಗಡಿಯಲ್ಲಿ ನಮ್ಮಲ್ಲೊಂದು ಗಿಡ ಇತ್ತು. ಆಳೆತ್ತರ, ಅಗಲ ಎಲೆ, ಕಣ್ಣು ಕುಕ್ಕುವ ಹಸಿರು, ಆದರೆ ಕೊಯ್ಲಿಗೆ ಹೋದರೆ ಬುಟ್ಟಿಯ ತಳ ಮುಚ್ಚುವಷ್ಟೂ ಹಣ್ಣಿಲ್ಲ. ನಮ್ಮ ಹಳೆಯ ಮೇಸ್ತ್ರಿ ಪ್ರತಿ ವರ್ಷ ‘ಗೌಡರೇ, ಇದಕ್ಕೆ ಗೊಬ್ಬರ ಸಾಲದು’ ಎಂದು ಇನ್ನೊಂದು ಬೊಗಸೆ ಹಾಕಿಸುತ್ತಿದ್ದರು. ಈ ಎರಡು ಜಾತಿ ಕೂಡಿದಾಗ ಸಾಮಾನ್ಯವಾಗಿ 33 ವರ್ಣತಂತುಗಳ ಸಂತಾನ ಹುಟ್ಟುತ್ತದೆ. ಜೋಡಿ ಸರಿಯಾಗಿ ಕೂಡದೆ ಅದು ಹೆಚ್ಚುಕಡಿಮೆ ಬಂಜೆಯಾಗುತ್ತದೆ. ಈ ಗಿಡವೂ ಅಂಥದ್ದೇ ಇರಬೇಕು ಎನಿಸಿ ಬುಡಸಹಿತ ಕೀಳಿಸಿದೆ. ಮೇಸ್ತ್ರಿಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ತನ್ನ ಪರಾಗ ತನಗೆ ಸಾಕು ಎನ್ನುವ ಗುಣವೇ ಅರೇಬಿಕಾವನ್ನು ಲೋಕವೆಲ್ಲ ಸುತ್ತಿಸಿತು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದರು ಎಂಬ ಐತಿಹ್ಯ ನಮ್ಮ ಗಿರಿಯ ಸುತ್ತ ಎಲ್ಲರಿಗೂ ಗೊತ್ತು. ಅರೇಬಿಕಾ ಆದದ್ದರಿಂದ ಏಳೇ ಬೀಜ ಸಾಕಾಯಿತು. ಒಂದೇ ಗಿಡ ಬದುಕಿದ್ದರೂ ಬೆಟ್ಟ ತುಂಬುತ್ತಿತ್ತು. ಡಚ್ಚರು ನಮ್ಮ ಮಲಬಾರ್ ಕರಾವಳಿಯಿಂದ ಜಾವಾಕ್ಕೆ ಗಿಡ ಒಯ್ದರು. ಅಲ್ಲಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನ ಸೇರಿದ ಕಾಫಿಯ ಸಂತತಿಯೇ ಮುಂದೆ ಅಮೆರಿಕ ಖಂಡದ ತೋಟಗಳಿಗೆ ಹೋಯಿತು. ಆದರೆ ಕೈಬೆರಳೆಣಿಕೆಯ ಗಿಡಗಳಿಂದ ಬಂದ ವಂಶದಲ್ಲಿ ವೈವಿಧ್ಯ ಎಲ್ಲಿಂದ ಬರಬೇಕು? 1869ರಲ್ಲಿ ಸಿಲೋನಿನಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಾಗ ಒಂದು ಗಿಡಕ್ಕೆ ಬಂದದ್ದು ಎಲ್ಲ ಗಿಡಕ್ಕೂ ಬಂತು. ನಮ್ಮ ಹಳೆಯ ‘ಚಿಕ್ಸ್’ ತಳಿಯೂ ಸೋತದ್ದು ಇದೇ ತುಕ್ಕಿಗೆ ಮತ್ತು ಬಿಳಿ ಕಾಂಡಕೊರಕ ದುಂಬಿಗೆ.

ಅದಾದ ಮೇಲಿನ ಕಥೆಯೆಲ್ಲ ಹೊರಗಿನ ರಕ್ತ ಬೆರೆಸಿದ ಕಥೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ತುಕ್ಕುಶಿಲೀಂಧ್ರದಲ್ಲೇ ಬೇರೆ ಬೇರೆ ಬಣಗಳಿವೆ ಎಂದು ಮೇನ್ ಎಂಬ ವಿಜ್ಞಾನಿ 1932ರಲ್ಲಿ ತೋರಿಸಿದ್ದು ಅಲ್ಲಿಯೇ. ಕೆಂಟ್ಸ್ ಎಂಬ ಅರೇಬಿಕಾ ತಳಿ ಒಂದು ಬಣವನ್ನು ತಡೆದು ಇನ್ನೊಂದಕ್ಕೆ ಬಗ್ಗಿದ್ದು ಏಕೆಂದು ಆಗ ತಿಳಿಯಿತು. ಅರೇಬಿಕಾಕ್ಕೆ ಲೈಬೀರಿಕಾ ಎಂಬ ಇನ್ನೊಂದು ಕಾಫಿ ಜಾತಿ ತಾನಾಗಿ ಬೆರೆತ ಗಿಡದಿಂದ ಬಂದ ಎಸ್. 288 ತಳಿಯನ್ನು ಕೆಂಟ್ಸ್ ಜೊತೆ ಕೂಡಿಸಿ ಎಸ್. 795 ಮಾಡಿದರು. ಕಳೆದ ಶತಮಾನದ ನಲವತ್ತರ ದಶಕದಲ್ಲಿ ಬಂದ ತಳಿ ಇನ್ನೂ ನಮ್ಮ ಅರ್ಧ ತೋಟ ಆಳುತ್ತಿದೆ. ತಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿ ಕೂಡಿ, ಬಂಜೆಯಾಗದೆ ಉಳಿದ ಒಂದು ಗಿಡ ಸಿಕ್ಕಿತ್ತು. ಅದರ ಸಂತತಿಯನ್ನು ಕುಳ್ಳು ತಳಿಗಳ ಜೊತೆ ಬೆರೆಸಿದ್ದೇ 1985ರ ಕಾವೇರಿ, 2007ರ ಚಂದ್ರಗಿರಿ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಮೇಲಿನ ಓರೆಯ ಅರೇಬಿಕಾ ಪಟ್ಟಿಯನ್ನು ಬೋರರ್, ಅಂದರೆ ಅದೇ ಬಿಳಿ ಕಾಂಡಕೊರಕ, ತಿಂದು ಹಾಕಿತ್ತು, ಮರುನಾಟಿ ಮಾಡಬೇಕಿತ್ತು. ಅಪ್ಪನ ಕಾಲದ ಪುಸ್ತಕದಲ್ಲಿ ಅದು ‘795 ಪಟ್ಟಿ’. ನಿಂತು ನೋಡಿದರೆ ಎಲ್ಲ ಬೆರಕೆ: ಸತ್ತ ಗಿಡದ ಜಾಗಕ್ಕೆ ಆಯಾ ವರ್ಷ ಕೈಗೆ ಸಿಕ್ಕಿದ್ದನ್ನು ನೆಟ್ಟಿದ್ದರು. ಬೀಜಕ್ಕೆ ತಾಯಿಗಿಡ ಆರಿಸುವ ಮುನ್ನ ಯಾವುದು ಏನು ಎಂದು ಬೇರ್ಪಡಿಸಬೇಕಾಯಿತು. ಗೆಣ್ಣಿನಿಂದ ಗೆಣ್ಣಿಗೆ ಅಂತರ ಕಡಿಮೆಯಿದ್ದು ಗಿಡ ಒತ್ತೊತ್ತಾಗಿ ಪೊದೆಗಟ್ಟಿದ್ದರೆ ಅದು ಕಾವೇರಿಯ ಕಡೆಯದು. ಚಿಗುರೆಲೆ ತಾಮ್ರದ ಬಣ್ಣದ್ದೋ ಹಸಿರೋ ಎಂಬುದನ್ನೂ ನೋಡುತ್ತಿದ್ದೆ. ಆದರೆ ಬಣ್ಣವೊಂದನ್ನೇ ನಂಬಿ ತೀರ್ಪು ಕೊಡಬಾರದು. ಬಿಸಿಲು ನೆರಳು ಅದನ್ನು ಬಹಳ ಆಡಿಸುತ್ತವೆ.

ಬೋರರ್ ಹಾವಳಿಯ ನಡುವೆ ಬದುಕಿ ನಿಂತ ಗಿಡವೆಂದರೆ ಶಕ್ತಿವಂತ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಇದರಲ್ಲಿ ಅರ್ಧ ನಂಬಿಕೆ. ಬೋರರ್ ದುಂಬಿಗೆ ಬಿಸಿಲು ಬೀಳುವ ಕಾಂಡ ಇಷ್ಟ. ಅತ್ತಿಮರದ ದಟ್ಟ ನೆರಳಲ್ಲಿ ಉಳಿದ ಗಿಡ ನೆರಳಿನಿಂದ ಉಳಿಯಿತೋ ವಂಶಗುಣದಿಂದಲೋ? ಆದ್ದರಿಂದ ಮರಗಸಿಯಾಗಿ, ಅಂದರೆ ನೆರಳುಮರದ ಕೊಂಬೆ ಸವರಿ, ಬಿಸಿಲು ಬಿದ್ದ ಜಾಗದಲ್ಲಿಯೂ ಕಾಂಡದ ಮೇಲೆ ಬೋರರ್ ಕೊರೆದ ಉಬ್ಬುಗೆರೆ ಏಳದೆ ನಿಂತವನ್ನು ಮಾತ್ರ ಆಯ್ಕೆಗೆ ಸೇರಿಸಿ ಗುರುತಿಗೆ ಬಣ್ಣ ಬಳಿದೆ. ಪಟ್ಟಿಯ ಅಂಚಿನ ಗಿಡಗಳನ್ನೂ ಬಿಟ್ಟೆ, ಏಕೆಂದರೆ ಅರೇಬಿಕಾದಲ್ಲಿಯೂ ಆ ಹತ್ತರಷ್ಟು ಪರಪರಾಗ ಇದ್ದೇ ಇದೆ.

ಕೊನೆಯ ಪರೀಕ್ಷೆ ಬಕೆಟ್ಟಿನಲ್ಲಿ. ಗುರುತು ಹಾಕಿದ ಗಿಡದಿಂದ ಚೆನ್ನಾಗಿ ಹಣ್ಣಾದ ನೂರು ಹಣ್ಣು ಬಿಡಿಸಿ ನೀರಿಗೆ ಹಾಕುವುದು. ತೇಲುವುದು ಜೊಳ್ಳು. ಇಲ್ಲಿ ಅವಸರ ಪಡಬಾರದು. ತೇಲಿದ ಹಣ್ಣನ್ನು ಬ್ಲೇಡಿನಿಂದ ಅಡ್ಡ ಸೀಳಿ ನೋಡಬೇಕು. ತುದಿಯಲ್ಲಿ ಸೂಜಿಮೊನೆಯ ರಂಧ್ರ, ಒಳಗೆ ಕಪ್ಪು ಪುಡಿ ಇದ್ದರೆ ಅದು ಕಾಯಿಕೊರಕ ಹುಳುವಿನ ಕೆಲಸ, ಗಿಡದ ತಪ್ಪಲ್ಲ. ಎರಡು ಕೋಣೆಗಳಲ್ಲಿ ಒಂದರಲ್ಲಿ ದಪ್ಪ ಬೀಜವಿದ್ದು ಇನ್ನೊಂದರಲ್ಲಿ ಬೀಜದ ಸುತ್ತಲಿನ ಪಾರ್ಚ್‌ಮೆಂಟ್ ಸಿಪ್ಪೆಯೊಂದೇ ಕಾಗದದ ಹಾಗೆ ಮಡಿಚಿಕೊಂಡಿದ್ದರೆ ಬೀಜ ತುಂಬಿಲ್ಲ ಎಂದರ್ಥ. ಅಂಥವು ಹೆಚ್ಚು ಕಂಡ ಗಿಡ ಎಷ್ಟೇ ಗೊಂಚಲು ಬಿಟ್ಟಿರಲಿ, ನನ್ನ ಆಯ್ಕೆಯಿಂದ ಹೊರಗೆ. ನೋಟಕ್ಕೆ ಆಯ್ಕೆಯಲ್ಲೇ ಮೊದಲನೆಯದಾಗಿದ್ದ ಗಿಡವೊಂದು ಹೀಗೆಯೇ ಬಿದ್ದುಹೋಯಿತು.

ಬೀಜ ಮಾಡುವುದು ಎಲ್ಲರಿಗೂ ಗೊತ್ತಿರುವ ಕ್ರಮ: ಕೈಯಲ್ಲೇ ಸಿಪ್ಪೆ ಸುಲಿದು, ಜರಡಿ ಹಿಡಿದ ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ, ಚಪ್ಪಟೆ ಮುಖ ಕೆಳಗೆ ಮಾಡಿ ಸಸಿಮಡಿಯಲ್ಲಿ ಊರಿ, ಹುಲ್ಲು ಮುಚ್ಚುವುದು. ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡುವ ಆಸೆ ಬೇಡ. ಭತ್ತದ ಬೀಜದಂತೆ ಒಣಗಿಸಿ ಇಟ್ಟರೆ ಕಾಫಿಬೀಜಕ್ಕೆ ಜೀವ ಉಳಿಯುವುದಿಲ್ಲ. ಬಾಳೆಹೊನ್ನೂರಿನಲ್ಲಿಯೂ ತಳಿ ಸಂಗ್ರಹವೆಂದರೆ ನೆಲದ ಮೇಲೆ ನಿಂತ ಗಿಡಗಳೇ. ಮೊಳಕೆ ಬೀಜವನ್ನು ತಲೆಯ ಮೇಲೆ ಹೊತ್ತು ಮೇಲೇಳುವ ಟೋಪಿ ಹಂತದಲ್ಲಿ ಚೀಲಕ್ಕೆ ವರ್ಗ ಮಾಡುವಾಗ ತಾಯಿಬೇರು ಬಾಗಿದ್ದನ್ನೆಲ್ಲ ಎಸೆಯುತ್ತೇನೆ. ಒಂದು ತಾಯಿಯ ಸಸಿಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಆಗ ಯಾವ ತಾಯಿಯ ಮಕ್ಕಳು ಸಮನಾಗಿ ಏಳುತ್ತಿವೆ, ಯಾವುದರಲ್ಲಿ ಎತ್ತರ, ಕುಳ್ಳು, ಕಿರಿದೆಲೆ ಎಂದು ಚದುರುತ್ತಿವೆ ಎಂಬುದು ನರ್ಸರಿಯಲ್ಲೇ ಬಯಲಾಗುತ್ತದೆ. ಚದುರಿದ ಸಾಲನ್ನು ನೆಡುವುದಿಲ್ಲ.

ರೊಬಸ್ಟಾಕ್ಕೆ ಈ ಪಾಡು ಬೇಡ. ಅಲ್ಲಿ ಬೇರೆ ಪಾಡು. ಮೆಚ್ಚಿದ ಗಿಡವನ್ನು ಇದ್ದಂತೆಯೇ ಪಡೆಯಬೇಕೆಂದರೆ ಕಡ್ಡಿ. ಕಾಫಿಗಿಡದಲ್ಲಿ ಎರಡು ಬಗೆಯ ಬೆಳವಣಿಗೆ ಇದೆ: ನೇರ ಏಳುವ ಕಾಂಡ, ಅಡ್ಡ ಹಾಯುವ ರೆಂಬೆ. ರೆಂಬೆಯ ಕಡ್ಡಿ ಬೇರು ಬಿಟ್ಟರೂ ಆಮೇಲೆ ಅಡ್ಡಡ್ಡಲೇ ಬೆಳೆದು ನೆಲ ಹಿಡಿಯುತ್ತದೆ, ತಲೆ ಎತ್ತುವುದೇ ಇಲ್ಲ. ಕಡ್ಡಿಗೆ ನೇರ ಏಳುವ ಕಂಬಚಿಗುರೇ ಬೇಕು. ತಾಯಿಗಿಡದ ಕಾಂಡವನ್ನು ಬಗ್ಗಿಸಿ ಕಟ್ಟಿದರೆ ಕಂಬಚಿಗುರು ಸಾಲುಗಟ್ಟಿ ಏಳುತ್ತವೆ. ಇನ್ನೂ ಹಸಿರಾಗಿ, ಆದರೆ ಉಗುರು ಒತ್ತಿದರೆ ತುಸು ಗಟ್ಟಿಯೆನಿಸುವ ಭಾಗವನ್ನು ಒಂದು ಗೆಣ್ಣಿನಂತೆ ಕತ್ತರಿಸಿ, ಜೋಡಿ ಎಲೆಗಳನ್ನು ಅರ್ಧಕ್ಕೆ ಸವರಿ, ಬುಡ ಓರೆಯಾಗಿ ಕೊಯ್ದು ಚೀಲದಲ್ಲಿ ನೆಟ್ಟು ಪಾಲಿಥಿನ್ ಹೊದಿಕೆಯಡಿ ತೇವ ಆರದಂತೆ ಇಡುತ್ತೇವೆ.

ಕಡ್ಡಿ ಗಿಡದ ದೊಡ್ಡ ಅಪಾಯ ಅದರ ಗುಣದಲ್ಲೇ ಇದೆ. ಒಂದೇ ತಾಯಿಯ ಕಡ್ಡಿಗಳೆಲ್ಲ ವಂಶದಲ್ಲಿ ಒಂದೇ ಗಿಡ. ಇಡೀ ಪಟ್ಟಿಗೆ ಅದನ್ನೇ ನೆಟ್ಟರೆ ಹೂವು ಕಂಡು ಸಂತೋಷಪಡಬಹುದು, ಕಾಯಿ ನಿಲ್ಲುವುದಿಲ್ಲ; ತನ್ನ ಪರಾಗ ತನಗೇ ಆಗದ ಗಿಡಕ್ಕೆ ತನ್ನ ನಕಲಿನ ಪರಾಗವೂ ಆಗದು. ಹಾಗಾಗಿ ಹಲವು ತಾಯಿಗಳ ಕಡ್ಡಿಗಳನ್ನು ಸಾಲು ಬದಲಿಸಿ ನೆಟ್ಟಿದ್ದೇವೆ, ನಡುವೆ ಎಸ್. 274 ಎಂಬ ರೊಬಸ್ಟಾ ತಳಿಯ ಬೀಜದ ಗಿಡಗಳೂ ಇವೆ. ಆರಿಸುವಾಗ ಇಳುವರಿಯಷ್ಟೇ ನೋಡಿದರೆ ಸಾಲದು; ಒಟ್ಟಿಗೆ ಹೂ ಬಿಡುವವು ಬೇಕು, ಒಟ್ಟಿಗೆ ಹಣ್ಣಾಗುವವೂ ಬೇಕು. ಕಡ್ಡಿ ಗಿಡಕ್ಕೆ ತಾಯಿಬೇರು ಇರುವುದಿಲ್ಲವಾದ್ದರಿಂದ ಮೊದಲ ಬೇಸಿಗೆಗಳಲ್ಲಿ ನೀರು ಕೊಡದಿದ್ದರೆ ಕೈಕೊಡುತ್ತದೆ. ನೀರು ಹಾಯದ ಕಲ್ಲುದಿಬ್ಬಕ್ಕೆ ಬೀಜದ ಗಿಡವನ್ನೇ ನೆಟ್ಟಿದ್ದೇನೆ.

ಮೇಲಿನ ಓರೆಯಲ್ಲಿ ಈಗ 795ರ ಆಯ್ದ ಸಾಲುಗಳ ಮಧ್ಯೆ ಚಂದ್ರಗಿರಿಯೂ ನಿಂತಿದೆ. ಅಕ್ಕಪಕ್ಕದವರು ಚಂದ್ರಗಿರಿಯ ಬೀಜ ಕೇಳುತ್ತಾರೆ, ಕೊಡುವುದಿಲ್ಲ. ತಿಮೋರ್ ಮೂಲದ ತಳಿಗಳಲ್ಲಿ ತುಕ್ಕು ತಡೆಯುವ ಗುಣ ಒಂದೇ ಅಂಶದಲ್ಲಿ ಕುಳಿತಿಲ್ಲ. ಪಕ್ಕದ ಸಾಲಿನ ಪರಾಗ ಸೇರುತ್ತ ಹೋದರೆ ಪೀಳಿಗೆಯಿಂದ ಪೀಳಿಗೆಗೆ ಅದು ಹಂಚಿ ಹರಿದುಹೋಗುತ್ತದೆ. ಆ ಬೀಜವನ್ನು ನಾನೂ ಕಾಫಿ ಮಂಡಳಿಯಿಂದಲೇ ತರಿಸುತ್ತೇನೆ. ಬೇಡಿಕೆಯನ್ನು ಕೊಯ್ಲು ಶುರುವಾಗುವ ಮೊದಲೇ ಬರೆಸಿಡುವುದು ಒಳ್ಳೆಯದು.