ಕೋವಿಡ್ ಕಾಲದಲ್ಲಿ ನಾನು ಸಂಶೋಧನೆ ಓದಿದ ಬಗೆ

ನಾನು ಸಾಗರದಲ್ಲಿ ಫಿಜಿಷಿಯನ್. 2020ರ ಜೂನ್‌ನಲ್ಲಿ ದಿನ ಬೆಳಗಾದರೆ ವಾಟ್ಸಾಪಿಗೆ ಹೊಸದೊಂದು ಔಷಧದ ಸುದ್ದಿ ಬರುತ್ತಿತ್ತು. ಮಳೆಗಾಲ ಬೇರೆ. ಕರೆಂಟು, ನೆಟ್‌ವರ್ಕು ಒಟ್ಟಿಗೇ ಕೈಕೊಡುವ ಊರಿನಲ್ಲಿ ಪಿಡಿಎಫ್ ಇಳಿಸಿಕೊಳ್ಳುವುದೇ ಒಂದು ಸಾಹಸ. ಎಲ್ಲವನ್ನೂ ಓದುವ ಆಸೆ ಬಿಟ್ಟೆ.

ಪ್ರೀಪ್ರಿಂಟ್ ಅಂದರೆ ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಎಲ್ಲರ ಮುಂದಿಡುವ ಪ್ರಬಂಧ. ಅದನ್ನು ನಂಬಬೇಡಿ, ಜರ್ನಲ್‌ನಲ್ಲಿ ಬಂದದ್ದನ್ನು ಮಾತ್ರ ನಂಬಿ ಎನ್ನುವುದು ಆಗ ಎಲ್ಲರೂ ಹೇಳುತ್ತಿದ್ದ ಬುದ್ಧಿಮಾತು. ನನಗೆ ಅದರಿಂದ ಹೆಚ್ಚೇನೂ ಉಪಯೋಗವಾಗಲಿಲ್ಲ. ಮೇ 22ರಂದು ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಜರ್ನಲ್‌ನಲ್ಲಿ, ಮಲೇರಿಯಾಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚುತ್ತದೆ ಎಂಬ ಪ್ರಬಂಧ ಬಂತು. 671 ಆಸ್ಪತ್ರೆ, 96,032 ರೋಗಿಗಳು! ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಔಷಧವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಜೂನ್ 4ಕ್ಕೆ ಪ್ರಬಂಧವೇ ವಾಪಸ್. ಮೂಲ ದಾಖಲೆಗಳನ್ನು ಹೊರಗಿನವರಿಗೆ ತೋರಿಸಲು ಆಗಲಿಲ್ಲ. ಆಸ್ಟ್ರೇಲಿಯಾದ ಸಾವುಗಳೆಂದು ಅದರಲ್ಲಿದ್ದ ಸಂಖ್ಯೆ ಆ ದೇಶದ ಅಂದಿನ ಒಟ್ಟು ಕೋವಿಡ್ ಸಾವುಗಳಿಗಿಂತಲೂ ಜಾಸ್ತಿ ಇತ್ತು. ಪರಿಶೀಲನೆಯ ಮುದ್ರೆ ಬಿದ್ದಿದ್ದ ಪ್ರಬಂಧದ ಕಥೆ ಇದು.

ಅದೇ ತಿಂಗಳ 16ರಂದು ಕೋವಿಡ್ ಔಷಧಗಳನ್ನು ಪರೀಕ್ಷಿಸುತ್ತಿದ್ದ ಬ್ರಿಟನ್ನಿನ ರಿಕವರಿ ಪ್ರಯೋಗದವರು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು ಪತ್ರಿಕಾ ಪ್ರಕಟಣೆ ಕೊಟ್ಟರು. ಪ್ರೀಪ್ರಿಂಟ್ ಬಂದದ್ದು 22ಕ್ಕೆ. ಅಷ್ಟರಲ್ಲಿ ಇಲ್ಲಿ ಕೇಳುವವರು ಶುರುವಾಗಿದ್ದರು: "ಡಾಕ್ಟ್ರೇ, ಟೀವಿಯಲ್ಲಿ ಬಂತಲ್ಲ, ಆ ಮಾತ್ರೆ ಮೊದಲೇ ತಗೊಂಡ್ರೆ ಒಳ್ಳೇದಲ್ವಾ?"

ನಾನು ಸಾರಾಂಶ ಬಿಟ್ಟು ನೇರ ಕೋಷ್ಟಕಕ್ಕೆ ಹೋದೆ. ನೋಡಿದ್ದು ಇಷ್ಟು: ಯಾರಿಗೆ ಔಷಧ ಕೊಡಬೇಕೆಂದು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದಾರೋ, ಎಣಿಸಿದ್ದು ಸಾವನ್ನೋ ಅಥವಾ ಯಾವುದೋ ರಕ್ತಪರೀಕ್ಷೆಯನ್ನೋ, ನನ್ನ ರೋಗಿಯಂಥವರು ಯಾವ ಸಾಲಿನಲ್ಲಿದ್ದಾರೆ. ವೆಂಟಿಲೇಟರ್‌ನಲ್ಲಿದ್ದವರಲ್ಲಿ ಸಾವು ಶೇ. 40.7ರಿಂದ 29ಕ್ಕೆ ಇಳಿದಿತ್ತು, ಆಕ್ಸಿಜನ್ ಮೇಲಿದ್ದವರಲ್ಲಿ 25ರಿಂದ 21.5ಕ್ಕೆ. ಆಕ್ಸಿಜನ್ ಬೇಡದವರ ಸಾಲಿನಲ್ಲಿ ಲೆಕ್ಕ ತಿರುಗುಮುರುಗು: ಔಷಧ ಪಡೆದವರಲ್ಲಿ 17, ಪಡೆಯದವರಲ್ಲಿ 13.2. ಹಾನಿ ಖಚಿತ ಎನ್ನಲು ಅಷ್ಟು ಸಾಲದು, ಲಾಭವಂತೂ ಇಲ್ಲ. ಟೀವಿ ನೋಡಿ ಬಂದವರೆಲ್ಲ ಇದೇ ಸಾಲಿನವರು. ಬೆರಳಿಗೆ ಆಕ್ಸಿಮೀಟರ್ ಹಾಕಿ, 97 ತೋರಿಸಿದರೆ "ನಿಮಗೆ ಇದು ಬೇಡ" ಎಂದು ಕಳಿಸುತ್ತಿದ್ದೆ. ಕೆಲವರು ಮುಖ ಊದಿಸಿಕೊಂಡು ಹೋಗಿ ಮೆಡಿಕಲ್ ಶಾಪಿನಲ್ಲಿ ಕೊಂಡರು, ಅದು ಬೇರೆ ಮಾತು.

ಜುಲೈ 17ಕ್ಕೆ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬರುವಾಗ ಆಕ್ಸಿಜನ್ ಬೇಡದವರ ಸಾಲಿನ ಅಂಕಿಗಳು 17.8 ಮತ್ತು 14 ಆಗಿದ್ದವು. ಚಿಕಿತ್ಸೆಯಲ್ಲಿ ನಾನು ಬದಲಿಸಬೇಕಾದ್ದು ಏನೂ ಇರಲಿಲ್ಲ.

ರಿಕವರಿಯವರ ವೇಗ ಬಂದದ್ದು ಅಚ್ಚಿನ ಮನೆಯಿಂದಲ್ಲ, ಪ್ರಯೋಗ ನಡೆಸಿದ ರೀತಿಯಿಂದ. ನಿಯಮಾವಳಿಯ ಕರಡು ಬರೆದ 9 ದಿನಕ್ಕೆ ಮೊದಲ ರೋಗಿಯನ್ನು ಸೇರಿಸಿಕೊಂಡಿದ್ದರು, ತುಂಬಬೇಕಾದ ಫಾರಂ ತೀರಾ ಚಿಕ್ಕದು. ನಮ್ಮ ಮಂಗನ ಕಾಯಿಲೆಯ ಕಥೆ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಹೊಸ ವೈರಸ್ ಎಂಬ ವರದಿ ಅದೇ ವರ್ಷ ಭಾರತದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ 2005ರಿಂದ 2010ರವರೆಗಿನ ಲಸಿಕೆಯ ಲೆಕ್ಕ ಪ್ರಬಂಧವಾಗಿ ಹೊರಬಂದದ್ದು 2013ರಲ್ಲಿ. ಎರಡು ಡೋಸಿಗೆ ಶೇ. 62.4, ಬೂಸ್ಟರ್ ಸೇರಿದರೆ 82.9 ರಕ್ಷಣೆ, ಒಂದೇ ಡೋಸಿಗೆ ಪ್ರಯೋಜನವಿಲ್ಲ. ಒಂದು ಡೋಸಿಗೇ ಕೈಬಿಟ್ಟವರಿಗೆ ಇದನ್ನು ಮೊದಲೇ ಹೇಳಬಹುದಿತ್ತು.

ಹಾಗಾಗಿ ಈಗ ಮಂಗನ ಕಾಯಿಲೆ ಹರಡುವ ಉಣುಗಿನ (ಉಣ್ಣೆ ಹುಳುವಿನ) ಕಾಲ ಶುರುವಾಗುವ ಮೊದಲೇ, ಡಿಸೆಂಬರ್ ಹೊತ್ತಿಗೆ, ವಾರ್ಡಿನಲ್ಲಿ ಜ್ವರದ ಫಾರಂ ಇಟ್ಟಿರುತ್ತೇನೆ. ಜ್ವರ ಶುರುವಾದ ದಿನ, ರಕ್ತ ತೆಗೆದ ದಿನ, ತರಗೆಲೆಗೋ ಸೌದೆಗೋ ಕಾಡಿಗೆ ಹೋಗಿದ್ದರೇ, ಹಿಂದೆ ಎಷ್ಟು ಡೋಸ್ ಹಾಕಿಸಿಕೊಂಡಿದ್ದರು, ಪ್ಲೇಟ್‌ಲೆಟ್ ಎಷ್ಟು. ರಕ್ತ ತೆಗೆದ ದಿನವನ್ನು ಬಿಡುವಂತೆಯೇ ಇಲ್ಲ, ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ, ತಡವಾದರೆ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಎಲ್ಲವೂ ಒಂದೇ ಪುಟದಲ್ಲಿ. ಎರಡನೇ ಪುಟ ಇಟ್ಟರೆ ನೈಟ್ ಡ್ಯೂಟಿಯ ಸಿಸ್ಟರ್ ಅದನ್ನು ಖಾಲಿ ಬಿಡುತ್ತಾರೆ, ಅವರ ತಪ್ಪೂ ಅಲ್ಲ.