ಜೋಡಿ ನಳಿಗೆ ರೈಫಲ್‌ಗೆ ಪೀಪ್ ಸೈಟ್ ಕೂರಿಸಿದ್ದು: ನನ್ನ ಅನುಭವ

ಐವತ್ತು ದಾಟಿದ ಮೇಲೆ, ಗುರಿ ಹಿಡಿಯಲು ರೈಫಲ್‌ ಮೇಲಿರುವ ಹಿಂದಿನ ಸೈಟ್ ನನಗೆ ಮಂಜು ಮಂಜಾಗತೊಡಗಿತು. ನಳಿಗೆ ತುದಿಯಲ್ಲಿರುವ ಮುಂದಿನ ಮಣಿ ಪರವಾಗಿಲ್ಲ, ಗುರಿಯೂ ಕಾಣುತ್ತದೆ. ಹತ್ತಿರದ ವಿ ಕಚ್ಚು ಮಾತ್ರ ಹತ್ತಿಯ ಉಂಡೆ. ಕಣ್ಣು ಒಂದು ಸಲಕ್ಕೆ ಒಂದು ದೂರವನ್ನಷ್ಟೇ ಸ್ಪಷ್ಟವಾಗಿ ಹಿಡಿಯುತ್ತದೆ. ತೆರೆದ ಸೈಟಿಗೆ ಮೂರನ್ನೂ ಹಿಡಿಯಬೇಕು: ಕಚ್ಚು, ಮಣಿ, ಗುರಿ. ಪೀಪ್ ಸೈಟ್‌ನಲ್ಲಿ ಹಿಂದೆ ಕಚ್ಚಿನ ಬದಲು ಒಂದು ಸಣ್ಣ ತೂತು. ಆ ತೂತನ್ನು ನೋಡುವ ಹಾಗೇ ಇಲ್ಲ, ಅದರೊಳಗಿಂದ ನೋಡಬೇಕು. ಮಣಿಯನ್ನು ನಡುವಿಗೆ ತಂದುಕೊಳ್ಳುವ ಕೆಲಸ ಕಣ್ಣು ತಾನೇ ಮಾಡುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. ವಿಲಿಯಂ ಲೈಮನ್ ತಮ್ಮ ಪೀಪ್ ಸೈಟಿಗೆ ಪೇಟೆಂಟ್ ಪಡೆದಿದ್ದು 1879ರಲ್ಲಿ.

ನನ್ನದು 9.3×74ಆರ್ ತೋಟಾದ ರೈಫಲ್. ನಳಿಗೆಗಳು ಪಕ್ಕ ಪಕ್ಕ, ಉದ್ದ 60 ಸೆಂ.ಮೀ. ಒಂಟಿ ನಳಿಗೆಯಾದರೆ ಸೈಟ್ ಕೂರಿಸಿ, ಗುಂಡು ಬಿದ್ದ ಕಡೆ ನೋಡಿ ಸರಿಪಡಿಸಿದರೆ ಮುಗಿಯಿತು. ಜೋಡಿಯಲ್ಲಿ ಎರಡು ನಳಿಗೆಗೂ ಇರುವುದು ಒಂದೇ ಸೈಟ್. ಬಲ ನಳಿಗೆ ಸಿಡಿದಾಗ ಗುಂಡು ಇನ್ನೂ ಒಳಗಿರುವಾಗಲೇ ರೈಫಲ್ ಬಲಕ್ಕೂ ಮೇಲಕ್ಕೂ ಒದೆಯುತ್ತದೆ. ಎಡದ್ದು ಎಡಕ್ಕೆ. ಅದಕ್ಕೇ ತಯಾರಿಸುವವರು ನಳಿಗೆಗಳ ಬಾಯನ್ನು ಒಂದಕ್ಕೊಂದು ತುಸು ವಾಲಿಸಿ, ಒಂದು ನಿರ್ದಿಷ್ಟ ತೋಟಾಕ್ಕೆ ಎರಡೂ ಒಂದೇ ಜಾಗಕ್ಕೆ ಹೊಡೆಯುವ ಹಾಗೆ ಬೆಸುಗೆ ಹಾಕಿರುತ್ತಾರೆ. ತೋಟಾದ ವೇಗ ಕಡಿಮೆಯಾದರೆ ಗುಂಡುಗಳು ದೂರ ದೂರ ಬೀಳುತ್ತವೆ. ಜಾಸ್ತಿಯಾದರೆ ಅಡ್ಡ ದಾಟಿ, ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಬೀಳುತ್ತದೆ. ಆ ಜಗಳವನ್ನು ಯಾವ ಸೈಟೂ ಬಿಡಿಸಲಾರದು. ಸೈಟ್ ಎರಡನ್ನೂ ಒಟ್ಟಿಗೆ ಎಳೆದುಕೊಂಡು ಹೋಗುತ್ತದೆ, ಅಷ್ಟೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆಮೇಲೆ ಎಡವಿದೆ, ಅದನ್ನು ಮುಂದೆ ಹೇಳುತ್ತೇನೆ.

ಏನನ್ನೂ ಬಿಚ್ಚುವ ಮೊದಲು ಹಳೇ ಸೈಟಿನಲ್ಲೇ 50 ಮೀಟರಿಗೆ ನಾಲ್ಕು ಈಡು ಹೊಡೆದೆ. ಬಲ, ಎಡ, ಬಲ, ಎಡ. ನಾನು ಯಾವಾಗಲೂ ಬಳಸುವ 286 ಗ್ರೇನ್ ತೂಕದ ಗುಂಡು. ನಾಲ್ಕೂ 6 ಸೆಂ.ಮೀ. ಒಳಗೆ ಬಿದ್ದವು. ಬಲದವು ಬಲಕ್ಕೇ, ಎಡದವು ಎಡಕ್ಕೇ. ಆ ಕಾಗದವನ್ನು ಎತ್ತಿಟ್ಟುಕೊಂಡೆ.

ಜಾಗ ಯಾವುದು ಅನ್ನುವುದೇ ದೊಡ್ಡ ತಲೆನೋವು. ಹಿಡಿಯ ಮೇಲೆ, ಕಣ್ಣಿಗೆ ತೀರಾ ಹತ್ತಿರ ಇಟ್ಟರೆ ನೋಟ ಚೆನ್ನ. ಆದರೆ ಅಲ್ಲಿ ಸೇಫ್ಟಿ ಗುಂಡಿ ಇದೆ, ಅದರ ಮುಂದೆ ನಳಿಗೆ ಬಿಚ್ಚುವ ಲಿವರ್ ಅತ್ತಿತ್ತ ಓಡಾಡುತ್ತದೆ. ಸಾಲದ್ದಕ್ಕೆ ಒದೆತ. ಹುಬ್ಬು ಹರಿದುಕೊಳ್ಳುವ ಆಸೆ ನನಗಿರಲಿಲ್ಲ. ಕೊನೆಗೆ ನಳಿಗೆಗಳ ನಡುವಿನ ದಪ್ಪ ಲೋಹದ ಪಟ್ಟಿ, ಅಂದರೆ ರಿಬ್‌ನ ಹಿಂತುದಿಯನ್ನೇ ಆರಿಸಿದೆ. ಅಲ್ಲಿಂದ ಕಣ್ಣಿಗೆ ಸುಮಾರು ಒಂದು ಗೇಣು. ಇದರಿಂದ ಇನ್ನೊಂದು ಲಾಭವೂ ಆಯಿತು. ಹಳೇ ಕಚ್ಚಿನಿಂದ ಮಣಿಗೆ 385 ಮಿ.ಮೀ. ಇತ್ತು, ಈಗ 565 ಆಯಿತು. ಈ ಅಂತರ ಹೆಚ್ಚಿದಷ್ಟೂ ಗುರಿ ಹಿಡಿಯುವ ತಪ್ಪು ಕಡಿಮೆ.

ಲೋಹಕ್ಕೆ ಕೈ ಹಚ್ಚುವ ಮೊದಲು ರಟ್ಟಿನಲ್ಲಿ ಮಾಡಿ ನೋಡಿದೆ. ಬೆರಳಗಲದ ರಟ್ಟಿನ ತುಂಡಿಗೆ ತೂತು ಹೊಡೆದು, ಮೇಣದಿಂದ ರಿಬ್ ಮೇಲೆ ನಿಲ್ಲಿಸಿದೆ. ತೋಟಾ ಕೂರುವ ಎರಡೂ ಚೇಂಬರ್ ಖಾಲಿ ಇದೆಯಾ ಅಂತ ಬೆರಳು ಹಾಕಿ ನೋಡಿ, ಕಣ್ಣು ಮುಚ್ಚಿಕೊಂಡು ಭುಜಕ್ಕೇರಿಸುವುದು. ಕಣ್ಣು ತೆರೆದಾಗ ಮಣಿ ತೂತಿನೊಳಗೆ ಇರಬೇಕು. ಇಲ್ಲದಿದ್ದರೆ ರಟ್ಟು ಕತ್ತರಿಸು, ಇನ್ನೊಂದು ಅಂಟಿಸು. ಒಂದು ಸಂಜೆ ಪೂರ್ತಿ ಇದೇ ಆಟ. 2 ಮಿ.ಮೀ. ತೂತು ಹಗಲಲ್ಲಿ ಎಷ್ಟು ಚೂಪಾಗಿ ತೋರಿಸುತ್ತಿತ್ತು ಅಂದರೆ ಅದನ್ನೇ ಇಟ್ಟುಬಿಡೋಣ ಅನ್ನಿಸಿತು. ಮಬ್ಬು ಕವಿದ ಮೇಲೆ ಅದರಲ್ಲಿ ಬರೀ ಕತ್ತಲು. 5 ಮಿ.ಮೀ. ತೂತು, ಸುತ್ತ ತೆಳ್ಳನೆ ಅಂಚು, ಅದೇ ಸರಿ ಹೋಯಿತು. ಗುರಿ ನೋಡುವಾಗ ಆ ಉಂಗುರ ಮಾಯವೇ ಆಗುತ್ತದೆ. ಗುರಿ ಸ್ಪರ್ಧೆಯವರ ಸಣ್ಣ ತೂತಿನ ಬಿಲ್ಲೆ ಬೇಟೆಯ ರೈಫಲ್‌ಗಲ್ಲ, ಇದು ನನ್ನ ಖಚಿತ ಅಭಿಪ್ರಾಯ.

ಬೆಸುಗೆ ಹಾಕಿ ಕೂರಿಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ರಿಬ್‌ಗಳು ನಿಂತಿರುವುದೇ ಮೆದು ಬೆಸುಗೆಯ ಮೇಲೆ. ಮೇಲಿನಿಂದ ಬೆಂಕಿ ಹಿಡಿದರೆ ಕೆಳಗಿನದೂ ಕರಗುತ್ತದೆ. ಆಮೇಲೆ ನಳಿಗೆಗಳನ್ನು ಮೊದಲಿನಂತೆ ಹೊಂದಿಸುವುದು ನನ್ನ ನಿಮ್ಮ ಕೈಲಾಗುವ ಮಾತಲ್ಲ. ಹಾಗಾಗಿ ಎರಡು ಸ್ಕ್ರೂ. 6-48 ಅಳತೆ, ಅಂದರೆ ಇಂಚಿಗೆ 48 ಎಳೆ. ರಿಬ್‌ನ ದಪ್ಪ ಅಳೆದು, 4 ಮಿ.ಮೀ. ಆಳಕ್ಕೆ ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿಕೊಂಡೆ. ಕೆಳಗಡೆ ಚೇಂಬರ್ ಗೋಡೆ ಇದೆ ಅನ್ನುವುದು ತಲೆಯಲ್ಲಿರಲಿ. ತೂತಿನೊಳಗೆ ಸ್ಕ್ರೂ ಎಳೆ ಕೊರೆಯುವ ಟ್ಯಾಪ್‌ಗೆ ಎಣ್ಣೆ ಹಾಕಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅವಸರ ಮಾಡಿದರೆ ಟ್ಯಾಪ್ ಮುರಿದು ತೂತಿನಲ್ಲೇ ಕೂರುತ್ತದೆ.

ಹಳೇ ಕಚ್ಚನ್ನು ಹಿತ್ತಾಳೆ ಕಡ್ಡಿಯಿಂದ ಎಡದಿಂದ ಬಲಕ್ಕೆ ಬಡಿದು ತೆಗೆದೆ. ನಳಿಗೆ ಬಿಚ್ಚಿ ಮುಚ್ಚುವಾಗ ಸೈಟಿನ ತಳ ಎಲ್ಲೂ ತಾಗುತ್ತಿಲ್ಲ ಅಂತಲೂ ನೋಡಿಕೊಂಡೆ.

ಮೊದಲ ಈಡುಗಳು 14 ಸೆಂ.ಮೀ. ಮೇಲೆ ಬಿದ್ದವು. ಇದು ನಿರೀಕ್ಷಿಸಿದ್ದೇ. ಪೀಪ್‌ನ ತೂತು ಹಳೇ ಕಚ್ಚಿಗಿಂತ ಎತ್ತರ, ಹಿಂದಿನ ಸೈಟ್ ಏರಿದರೆ ಗುಂಡೂ ಏರುತ್ತದೆ. ತಪ್ಪನ್ನು ಸೈಟುಗಳ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. 140 ಗುಣಿಸು 565, ಭಾಗಿಸು 50,000. ಬಂದಿದ್ದು ಸುಮಾರು 1.6 ಮಿ.ಮೀ. ಮುಂದಿನ ಮಣಿ ಅಷ್ಟು ಎತ್ತರ ಆಗಬೇಕು. ನಾನು ಬೇಕೆಂದೇ 2 ಮಿ.ಮೀ. ಎತ್ತರದ್ದನ್ನು ಹಾಕಿ, ಗುಂಡು ಕೆಳಗೆ ಬೀಳುವಂತೆ ಮಾಡಿ, ಆಮೇಲೆ ಅರ ಹಿಡಿದೆ. ಎರಡು ಸಲ ಉಜ್ಜುವುದು, ನಾಲ್ಕು ಈಡು. ಉಜ್ಜಿದ್ದನ್ನು ವಾಪಸ್ ಅಂಟಿಸಲಾಗುವುದಿಲ್ಲ. ಹೊಡೆಯುವಾಗ ಮುಂಗೈಯನ್ನು ಚೀಲದ ಮೇಲಿಟ್ಟು, ರೈಫಲನ್ನು ಕೈಯಲ್ಲೇ ಹಿಡಿದೆ. ನಳಿಗೆಯನ್ನೇ ಗಟ್ಟಿ ಆಸರೆಯ ಮೇಲಿಟ್ಟರೆ ಗುಂಡು ಮೇಲಕ್ಕೆ ಹಾರಿ ಸುಮ್ನೆ ದಾರಿ ತಪ್ಪಿಸುತ್ತದೆ. ನಾಲ್ಕು ಈಡಾದ ಮೇಲೆ ನಳಿಗೆ ಆರಲು ಬಿಡುತ್ತಿದ್ದೆ.

ಎಲ್ಲ ಸರಿಯಾಯಿತು ಅಂತ ಮನೆಗೆ ಬಂದೆ. ವಾರ ಬಿಟ್ಟು ಹೊಡೆದರೆ ನಾಲ್ಕೂ 4 ಸೆಂ.ಮೀ. ಮೇಲೆ! ನಳಿಗೆಗಳ ಹೊಂದಾಣಿಕೆ ಕೆಟ್ಟಿತು, ಡ್ರಿಲ್ ಮಾಡುವಾಗ ಬೆಸುಗೆ ಬಿಟ್ಟಿತು ಅಂತ ಎದೆ ಧಸಕ್ಕೆಂದಿತು. ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ಮೂರನೇ ದಿನ ಹಳೇ ಕಾಗದವನ್ನು ಹೊಸದರ ಪಕ್ಕ ಇಟ್ಟೆ. ನಾಲ್ಕು ತೂತುಗಳ ನಡುವಿನ ಅಂತರ ಅಷ್ಟೇ ಇದೆ. ಬಲದವು ಬಲಕ್ಕೆ, ಎಡದವು ಎಡಕ್ಕೆ. ಇಡೀ ಗುಂಪು ಮೇಲೆ ಹೋಗಿದೆ. ಅಂದರೆ ನಳಿಗೆಯದಲ್ಲ, ಸೈಟಿನದೇ ತಪ್ಪು. ವಿಸಿಟಿಂಗ್ ಕಾರ್ಡ್ ಒಂದನ್ನು ಸೈಟಿನ ತಳದ ಹಿಂಬದಿಗೆ ತೂರಿಸಿದೆ. ಸಲೀಸಾಗಿ ಒಳಗೆ ಹೋಯಿತು.

ಹಿಂದಿನ ಸ್ಕ್ರೂ ಬಿಗಿಯಾಗಿಯೇ ಇತ್ತು, ಆದರೆ ತಳವನ್ನು ಹಿಡಿದಿರಲಿಲ್ಲ. ಆರಪಾರ ಹೋಗದ ಇಂಥ ತೂತಿಗೆ ಚಪ್ಪಟೆ ತುದಿಯ ಬಾಟಮಿಂಗ್ ಟ್ಯಾಪ್ ಹಾಕಬೇಕಿತ್ತು. ನಾನು ಮೊನೆ ಸಣ್ಣಗಿರುವುದನ್ನೇ ಹಾಕಿ ನಿಲ್ಲಿಸಿದ್ದೆ. ಕೊನೆಯ ಒಂದೆರಡು ಎಳೆ ಕೊರೆದೇ ಇರಲಿಲ್ಲ. ಸ್ಕ್ರೂ ಅಲ್ಲೇ ಸಿಕ್ಕಿಕೊಂಡು ಬಿಗಿಯಾದಂತೆ ನಟಿಸಿತ್ತು. ಒದೆತಕ್ಕೆ ತಳದ ಹಿಂಬದಿ ಅರ್ಧ ಮಿ.ಮೀ.ಗೂ ಕಡಿಮೆ ಎದ್ದಿತ್ತು. 4 ಸೆಂ.ಮೀ.ಗೆ ಅಷ್ಟೇ ಸಾಕು, ಬೇಕಾದರೆ ಮೇಲಿನ ಲೆಕ್ಕ ಹಾಕಿ ನೋಡಿ.

ಎಳೆ ಪೂರ್ತಿ ಕೊರೆದೆ. ಸ್ಕ್ರೂ ತುದಿಯನ್ನು ಒಂದು ಎಳೆಯಷ್ಟು ಅರದಿಂದ ಉಜ್ಜಿದೆ. ಅಸಿಟೋನ್‌ನಲ್ಲಿ ಎಣ್ಣೆ ತೊಳೆದು, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದು ಹನಿ ಹಾಕಿ ಬಿಗಿದು, ಒಂದು ದಿನ ಮುಟ್ಟದೆ ಬಿಟ್ಟೆ. ಈಗ ಕಾರ್ಡ್ ಅಲ್ಲ, ತೆಳ್ಳನೆ ಕಾಗದವೂ ಹೋಗುವುದಿಲ್ಲ. ಆಮೇಲೆ ಇಪ್ಪತ್ತು ಈಡು ಹೊಡೆದಿದ್ದೇನೆ, ಗುಂಪು ಕದಲಿಲ್ಲ. ಉಳಿದಿರುವುದು ಮಣಿಯ ಬಣ್ಣ. ಹಿತ್ತಾಳೆ ಮಣಿ ಸಂಜೆ ಹೊತ್ತು ಕಾಣುವುದು ಕಷ್ಟ, ಬಿಳಿಯದನ್ನು ಹಾಕಬೇಕು ಅಂದುಕೊಂಡಿದ್ದೇನೆ. ಎತ್ತರ ಮಾತ್ರ ಕೂದಲೆಳೆಯೂ ಬದಲಾಗದ ಹಾಗೆ.